ಹಳೆಯ ಲೆಕ್ಕ, ಹೊಸ ಪಾಲುದಾರಿಕೆ

ಕೊಂಡ್ಲಹಳ್ಳಿಯ ವರ್ತಕರಿಗೆ ಆಂಧ್ರದ ರಾಯದುರ್ಗವು ದೂರದ ಪೇಟೆಯಲ್ಲ. ಆದರೂ 2017ರ ಜುಲೈ 1ಕ್ಕೆ ಮೊದಲು ರಾಜ್ಯದ ಗಡಿಯಾಚೆಗೆ ಸರಕು ಮಾರಿದರೆ ಕೇಂದ್ರ ಮಾರಾಟ ತೆರಿಗೆ ತಗಲುತ್ತಿತ್ತು. ರಿಯಾಯಿತಿ ದರ ಬೇಕಾದರೆ ಖರೀದಿದಾರನಿಂದ ‘ಸಿ’ ಫಾರಂ ತರಿಸಿಕೊಳ್ಳಬೇಕಿತ್ತು. ಫಾರಂ ಬಾರದಿದ್ದರೆ ವ್ಯತ್ಯಾಸದ ತೆರಿಗೆ ಮಾರಿದವನ ತಲೆಗೇ ಬೀಳುತ್ತಿತ್ತು. ಜಿ.ಎಸ್.ಟಿ. ಬಂದ ಮೇಲೆ ಈ ತೊಡಕು ಬಹುಮಟ್ಟಿಗೆ ನಿವಾರಣೆಯಾಯಿತು. ಕೊಂಡ್ಲಹಳ್ಳಿಯ ವರ್ತಕನು 2017ರಲ್ಲಿ ಪಡೆದಂತಹ ಅನುಕೂಲವನ್ನೇ ಬ್ರಿಟನ್ನಿನ ವರ್ತಕನು 2021ರಲ್ಲಿ ಕಳೆದುಕೊಂಡನು.

1973ರಲ್ಲಿ ಯೂರೋಪಿನ ಆರ್ಥಿಕ ಸಮುದಾಯವನ್ನು ಸೇರಿದ್ದ ಬ್ರಿಟನ್, 2016ರ ಜೂನ್ 23ರ ಜನಮತಗಣನೆಯಲ್ಲಿ ಶೇ. 51.9 ಮತಗಳಿಂದ ಐರೋಪ್ಯ ಒಕ್ಕೂಟವನ್ನು ತೊರೆಯಲು ತೀರ್ಮಾನಿಸಿತು. ಆ ತೀರ್ಮಾನದ ಸರಿತಪ್ಪು ಆ ದೇಶದ ಮತದಾರರಿಗೆ ಬಿಟ್ಟ ವಿಚಾರ. ವ್ಯಾಪಾರಸ್ಥರು ಗಮನಿಸಬೇಕಾದುದು ಅನಂತರದ ಮಾತುಕತೆಯ ರೀತಿಯನ್ನು.

2017ರ ಮಾರ್ಚ್ 29ರಂದು ಬ್ರಿಟನ್ ನಿರ್ಗಮನದ ನೋಟೀಸು ನೀಡಿತು. ಅಂದಿನಿಂದ ಎರಡು ವರ್ಷಗಳ ಗಡುವು ಆರಂಭವಾಯಿತು. ಹೊಸ ಸಂಬಂಧ ಹೇಗಿರಬೇಕೆಂಬ ಬಗ್ಗೆ ಅದರ ಸಂಸತ್ತಿನಲ್ಲಿಯೇ ಒಮ್ಮತವಿರಲಿಲ್ಲ. ಒಕ್ಕೂಟವಾದರೋ ಹಳೆಯ ಬಾಕಿ, ಪ್ರಜೆಗಳ ಹಕ್ಕು ಮತ್ತು ಐರ್ಲೆಂಡಿನ ಗಡಿ ಈ ಮೂರರಲ್ಲಿ ಸಾಕಷ್ಟು ಪ್ರಗತಿಯಾಗದ ಹೊರತು ವ್ಯಾಪಾರದ ಮಾತಿಲ್ಲವೆಂದು ಪಟ್ಟು ಹಿಡಿಯಿತು. ಬ್ರಿಟನ್ನಿನ ರಫ್ತಿನಲ್ಲಿ ಶೇ. 43ರಷ್ಟು ಆಗ ಒಕ್ಕೂಟಕ್ಕೇ ಹೋಗುತ್ತಿತ್ತು. ಗಡುವು ಯಾರ ಕತ್ತಿಗೆ ಉರುಳಾಗುವುದೆಂಬುದು ಸ್ಪಷ್ಟವಿತ್ತು.

ಮೂರು ಬಾರಿ ಗಡುವು ಮುಂದೂಡಿ 2020ರ ಜನವರಿ 31ರಂದು ಬ್ರಿಟನ್ ಹೊರಬಂದಿತು. ಹೊಸ ವ್ಯಾಪಾರ ಒಪ್ಪಂದ ಕುದುರಿದ್ದು ಅದೇ ಡಿಸೆಂಬರ್ 24ರಂದು. ಜಾರಿಗೆ ಬಂದದ್ದು 2021ರ ಜನವರಿ 1ರಂದು. ಸಾವಿರಕ್ಕೂ ಹೆಚ್ಚು ಪುಟಗಳ ಕರಾರನ್ನು ಓದಿಕೊಳ್ಳಲು ವರ್ತಕರಿಗೆ ದೊರೆತದ್ದು ಒಂದು ವಾರ!

ಒಪ್ಪಂದದಲ್ಲಿ ಸುಂಕವಿಲ್ಲ, ಪ್ರಮಾಣದ ಮಿತಿಯೂ ಇಲ್ಲ. ಆದರೆ ಸರಕಿನ ಮೂಲವನ್ನು ಸಾಬೀತುಪಡಿಸಬೇಕು, ಕಸ್ಟಮ್ಸ್ ಘೋಷಣೆ ಸಲ್ಲಿಸಬೇಕು, ಮಾಂಸ ಹಾಗೂ ಹಾಲಿನ ಪದಾರ್ಥಗಳಿಗೆ ಆರೋಗ್ಯ ಪ್ರಮಾಣಪತ್ರ ಪಡೆಯಬೇಕು. ದೊಡ್ಡ ಕಂಪನಿಗಳು ಇದಕ್ಕಾಗಿ ಪ್ರತ್ಯೇಕ ವಿಭಾಗವನ್ನೇ ತೆರೆಯಬಲ್ಲವು. ನಾಲ್ಕು ಪೆಟ್ಟಿಗೆ ಕಳುಹಿಸುವ ಸಣ್ಣ ತಯಾರಕನಿಗೆ ಕಾಗದದ ಖರ್ಚೇ ಲಾಭವನ್ನು ನುಂಗುತ್ತದೆ. ಒಕ್ಕೂಟವು ಮೊದಲ ದಿನದಿಂದಲೇ ತಪಾಸಣೆ ನಡೆಸಿದರೆ, ಬ್ರಿಟನ್ ತನ್ನ ಆಹಾರ ಆಮದಿನ ತಪಾಸಣೆಯನ್ನು ಮತ್ತೆ ಮತ್ತೆ ಮುಂದೂಡಿ 2024ರಲ್ಲಷ್ಟೇ ಆರಂಭಿಸಿತು. 2025ರ ಮೇ 19ರಂದು ಲಂಡನ್ನಿನಲ್ಲಿ ಉಭಯ ಪಕ್ಷಗಳು ಆಹಾರ ತಪಾಸಣೆಯನ್ನು ಸಡಿಲಿಸಲು ಪುನಃ ಮಾತುಕತೆಗೆ ಒಪ್ಪಬೇಕಾಯಿತು.

‘ಸುಂಕವಿಲ್ಲ’ ಎಂದರೆ ‘ತೊಡಕಿಲ್ಲ’ ಎಂದರ್ಥವಲ್ಲ. 2025ರ ಜುಲೈ 24ರಂದು ಭಾರತವು ಬ್ರಿಟನ್ನಿನೊಡನೆ ಸಹಿ ಮಾಡಿದ ಒಪ್ಪಂದದಲ್ಲಿಯೂ ಸುಂಕ ವಿನಾಯಿತಿಗೆ ಮೂಲ ನಿಯಮಗಳ ಷರತ್ತುಂಟು. ವಿದೇಶಿ ಪೇಟೆಯ ಮೇಲೆ ಕಣ್ಣಿಟ್ಟಿರುವ ಮೊಳಕಾಲ್ಮೂರಿನ ರೇಷ್ಮೆ ಸೀರೆ ತಯಾರಕರು ನೂಲು ಖರೀದಿಯ ಬಿಲ್ಲುಗಳನ್ನು ಈಗಿನಿಂದಲೇ ಕ್ರಮವಾಗಿ ಇಟ್ಟುಕೊಳ್ಳುವುದು ಲೇಸು.

ಪಾಲುದಾರಿಕೆ ಮುರಿಯುವವರಿಗೂ ಇದೇ ಪಾಠ ಅನ್ವಯಿಸುತ್ತದೆ. ಬೇರೆಯಾದ ಪಾಲುದಾರರು ಮರುದಿನವೂ ಅದೇ ಪೇಟೆಯಲ್ಲಿ ಎದುರಾಗುತ್ತಾರೆ. ನೋಟೀಸು ಕೊಡುವ ಮುನ್ನ ತನಗೆ ಬೇಕಾದುದೇನು, ಬಿಟ್ಟುಕೊಡಬಹುದಾದುದೇನು ಎಂಬುದನ್ನು ಬರೆದಿಟ್ಟುಕೊಂಡವನು ಗಡುವಿಗೆ ಅಂಜಬೇಕಿಲ್ಲ. ಬ್ರಿಟನ್ ಮೊದಲು ತಾರೀಖು ಗೊತ್ತುಮಾಡಿ ಆಮೇಲೆ ಲೆಕ್ಕ ಹಾಕಿತು. ಅದರ ಬೆಲೆಯನ್ನು ತೆತ್ತವರಲ್ಲಿ ಸಣ್ಣ ವರ್ತಕರೇ ಮುಂದೆ ನಿಲ್ಲುತ್ತಾರೆ.