ಇದು ಏಕಾದಶಿ ಉಪಾಸ ಅಲ್ರಿ

ಇವತ್ತ ನಾ ಜಗಳಾ ಮಾಡ್ಲಿಕ್ಕೇ ಕೂತೀನಿ. ನಮ್ಮ ಮನಿಯವರ ಜೋಡಿನೂ ಜಗಳ ಅದ, ದವಾಖಾನಿಯವರ ಜೋಡಿನೂ ಅದ.

ಹೋದ ತಿಂಗಳ ನಮ್ಮ ಕಾಕಾಗ ಹರ್ನಿಯಾ ಆಪರೇಶನ್ ಇತ್ತು. ಮುಂಜಾನೆ ಹೋಗೋದು, ಸಂಜಿಕೆ ಮನಿಗೆ ಬರೋದು. "ಇಷ್ಟ ಸಣ್ಣ ಆಪರೇಶನ್ನಿಗೆ ಏನ ತಯಾರಿ?" ಅಂತ ಎಲ್ಲಾರೂ ಆರಾಮ ಇದ್ರು. ದವಾಖಾನಿಯವರು ಚೀಟಿ ಮ್ಯಾಲೆ 'ಎನ್.ಬಿ.ಎಂ.' ಅಂತ ಇಂಗ್ಲಿಷಿನ ಮೂರ ಅಕ್ಷರ ಗೀಚಿದ್ರು. ಬಾಯಿಂದ ಏನೂ ಕೊಡಬ್ಯಾಡ್ರಿ ಅಂತ ಅದರ ಅರ್ಥ. ನಮಗೇನ ಗೊತ್ತು? ಬಾಯಿಮಾತಿಗೆ "ಉಪಾಸ ಬರ್ರಿ" ಅಂದಿದ್ರು, ಅಷ್ಟ.

ನಮ್ಮ ಕಾಕು ನಲವತ್ತ ವರ್ಷದಿಂದ ಏಕಾದಶಿ ತಪ್ಪಿಸಿದಾಕಿ ಅಲ್ಲ. ಆಕಿ ಲೆಕ್ಕದಾಗ ಉಪಾಸ ಅಂದ್ರ ಅನ್ನ ಇಲ್ಲ, ಚಪಾತಿ ಇಲ್ಲ. ಹಾಲು, ಹಣ್ಣು, ಸಾಬೂದಾಣಿ ಖಿಚಡಿ ಎಲ್ಲಾ ನಡೀತದ. ಆರಕ್ಕ ಎದ್ದು ಕಾಕಾಗ ಒಂದ ಲೋಟಾ ಹಾಲು, ಎರಡ ಬಾಳೆಹಣ್ಣು ಕೊಟ್ಟಾಳ. "ಪಾಪ, ಹಸಿದ ಹೊಟ್ಟಿಲೆ ಹೆಂಗ ಕಳಿಸೋದು?"

ಒಂಬತ್ತಕ್ಕ ಅರವಳಿಕಿ ಡಾಕ್ಟರು ಬಂದು, "ಏನರ ತಿಂದೀರೇನ್ರಿ?" ಅಂತ ಕೇಳಿದ್ರು. ಕಾಕು ಕಣ್ಣ ಸನ್ನಿ ಮಾಡಿದ್ಲು. ಕಾಕಾ, "ಏನೂ ಇಲ್ರಿ" ಅಂದ್ರು. ನನಗ ತಡಕೊಳ್ಳಿಕ್ಕೆ ಆಗ್ಲಿಲ್ಲ, ಹಾಲಿನ ಸುದ್ದಿ ಹೇಳಿಬಿಟ್ಟೆ. ಆಪರೇಶನ್ ಮುಂದಕ್ಕ ಹೋತು. ವಾಪಸ್ ಬರೋ ಮುಂದ ಗಾಡ್ಯಾಗ ಯಾರೂ ಮಾತಾಡ್ಲಿಲ್ಲ. ಮನಿಗೆ ಬಂದ ಮ್ಯಾಲೆ ಕಾಕು ಅಂದದ್ದು ಇಷ್ಟ: "ನೀ ಸುಮ್ನಿದ್ರ ಇಷ್ಟೊತ್ತಿಗೆ ಎಲ್ಲಾ ಮುಗದಿರ್ತಿತ್ತು."

ಹೌದು ಕಾಕು, ಮುಗದಿರ್ತಿತ್ತು. ಏನ ಮುಗದಿರ್ತಿತ್ತು ಅಂತ ಹೇಳೋದs ಕಷ್ಟ.

ಎಚ್ಚರ ಇದ್ದಾಗ ನೀರ ನೆತ್ತಿಗೇರಿದ್ರ ನಾವು ಕೆಮ್ಮಿ ಹೊರಗ ಹಾಕ್ತೀವಿ. ಪೂರ್ತಿ ಅರವಳಿಕಿ ಕೊಟ್ಟಾಗ ಆ ಕೆಮ್ಮೂ ಮಲಗಿಬಿಡ್ತದ. ಹೊಟ್ಟ್ಯಾಗಿನ ಹಾಲು, ಹುಳಿ ಎಲ್ಲಾ ಮ್ಯಾಲೆ ಬಂದು ಪುಪ್ಪುಸದಾಗ ಇಳದ್ರ ತಡಿಯೋರು ಯಾರೂ ಇಲ್ಲ. ನ್ಯೂಯಾರ್ಕಿನ ಕರ್ಟಿಸ್ ಮೆಂಡೆಲ್ಸನ್ ಅನ್ನೋ ಡಾಕ್ಟರು ಹೆರಿಗಿ ಹೆಣ್ಣಮಕ್ಕಳೊಳಗ ಇದನ್ನ ನೋಡಿ 1946ರಾಗs ಬರದಿಟ್ಟಾರ. "ನಮ್ಮ ಮಾಮಾ ಚಹಾ ಕುಡದs ಹೋಗಿದ್ದ, ಏನೂ ಆಗ್ಲಿಲ್ಲ" ಅನ್ನೋರಿಗೆ ಒಂದ ಮಾತು: ಹೆಲ್ಮೆಟ್ ಇಲ್ಲದ ಹೋದವರೆಲ್ಲಾ ಬೀಳಂಗಿಲ್ರಿ. ಬಿದ್ದವರನ್ನ ಕೇಳ್ರಿ.

ಈಗ ದವಾಖಾನಿಯವರ ಕಡೆ ಬರ್ತೀನಿ. ಉಪಾಸ ಅನ್ನೋ ಶಬ್ದಾನೇ ಬಿಟ್ಟಬಿಡ್ರಿ, ತಾಸಿನ ಲೆಕ್ಕ ಹೇಳ್ರಿ. ಸಾಮಾನ್ಯ ಲೆಕ್ಕ ಹಿಂಗದ: ಬರೇ ನೀರು 2 ತಾಸು ಮೊದಲಿನ ತನಕ ನಡೀತದ. ಎದಿಹಾಲು ಕುಡಿಯೋ ಕೂಸಿಗೆ 4 ತಾಸು. ಹಾಲು, ಹಾಲಿನ ಚಹಾ, ಹಗುರ ನಾಷ್ಟಾ 6 ತಾಸು. ಕರದದ್ದು, ಮಾಂಸ ಇದ್ರ 8 ತಾಸು ಅಥವಾ ಇನ್ನೂ ಹೆಚ್ಚು. ಸಕ್ಕರಿ ಬ್ಯಾನಿ ಇದ್ದವರಿಗೆ, ಬಸರಿಯರಿಗೆ, ಹೊಟ್ಟಿ ತಕರಾರು ಇದ್ದವರಿಗೆ ಬ್ಯಾರೆ ಹೇಳಬಹುದು, ಅವರ ಡಾಕ್ಟರ್ ಮಾತs ಕಡಿ ಮಾತು. ಆದ್ರ ಮಧ್ಯಾಹ್ನ ಒಂದಕ್ಕ ಆಪರೇಶನ್ ಇದ್ದ ಮುದುಕರನ್ನ ರಾತ್ರಿ ಹನ್ನೆರಡರಿಂದ ಹನಿ ನೀರಿಲ್ಲದ ಕೂಡಸೋದು ಯಾವ ನ್ಯಾಯ? ಕಾರಣ ಹೇಳಲಾರದ ನಿಯಮ ಮಾಡಿದ್ರ ಮಂದಿ ಕದ್ದು ಮುರೀತಾರ. ನಮ್ಮ ಕಾಕು ಮುರದಂಗ.

ಆದ್ರ ಮನಿಯವರಿಗೂ ಬಿಡಂಗಿಲ್ಲ. ಹಾಲು ಕೊಟ್ಟದ್ದು ತಿಳೀಲಾರದ ತಪ್ಪು, ಸುಳ್ಳ ಹೇಳಿದ್ದು ತಿಳದ ಮಾಡಿದ ತಪ್ಪು. ಕಾಕಾನ ಕಿಸೇದಾಗಿನ ತಂಬಾಕಿನ ಸುದ್ದಿನೂ ಮುಚ್ಚಿಟ್ಟಿದ್ರು, ಮರ್ಯಾದಿ ಹೋಗ್ತದಂತ. ಡಾಕ್ಟರು ನಿಮಗ ಕನ್ಯಾ ನೋಡ್ಲಿಕ್ಕೆ ಬಂದಿಲ್ರಿ! ತಂಬಾಕು, ಸಿಗರೇಟು, ಕುಡಿಯೋದು, ಅಲ್ಲಾಡೋ ಹಲ್ಲು, ಕಟ್ಟಿಸಿದ ಹಲ್ಲು, ಹಿಂದ ಯಾವಾಗರ ಅರವಳಿಕಿ ಕೊಟ್ಟಾಗ ಆದ ತ್ರಾಸು ಎಲ್ಲಾ ಹೇಳ್ರಿ. ಬಿ.ಪಿ. ಗುಳಗಿ, ಸಕ್ಕರಿ ಗುಳಗಿ, ರಕ್ತ ತೆಳ್ಳಗ ಮಾಡೋ ಗುಳಗಿ, ನಾಟಿ ಔಷಧ ಎಲ್ಲಾ ಒಂದ ಚೀಲದಾಗ ಹಾಕ್ಕೊಂಡು ನಾಕ ದಿನ ಮೊದ್ಲs ಹೋಗಿ ತೋರಸ್ರಿ. ಯಾವದು ತಗೋಬೇಕು, ಯಾವದು ಬಿಡಬೇಕು ಅಂತ ಬರಿಸಿಕೊಂಡ ಬರ್ರಿ. ಬಿ.ಪಿ. ಗುಳಗಿ ತಾವs ಬಿಡೋರಿದ್ದಾರ, ಖಾಲಿ ಹೊಟ್ಟಿಲೆ ಸಕ್ಕರಿ ಗುಳಗಿ ನುಂಗೋರಿದ್ದಾರ. ಎರಡೂ ಗಂಡಾಂತರ.

ಬಳಿ, ಉಂಗುರ, ಉಗುರಬಣ್ಣ ಮನ್ಯಾಗs ತಗೀರಿ. ಕರಕೊಂಡ ಬರ್ಲಿಕ್ಕೆ ಒಬ್ಬರು ಇರ್ಲೇಬೇಕು. ಆಮ್ಯಾಲೆ 24 ತಾಸು ಗಾಡಿ ಹೊಡಿಯೋದು, ಕಾಗದಕ್ಕ ಸಹಿ ಹಾಕೋದು ಬ್ಯಾಡ.

ಎರಡನೇ ಸಲ ಹೋಗೋ ಮುಂದ ಕಾಕು ಕ್ಯಾಲೆಂಡರ್ ಮ್ಯಾಲೆ ತಾನs ತಾಸಿನ ಲೆಕ್ಕ ಬರದ್ಲು. ತಂಬಾಕಿನ ಸುದ್ದಿನೂ ಡಾಕ್ಟರ್ ಮುಂದ ಆಕಿನೇ ಹೇಳಿದ್ಲು. ಕಾಕಾ ಸಂಜಿಕೆ ಮನಿಗೆ ಬಂದು ಗಂಜಿ ಕುಡದ್ರು. ನನ್ನ ಜೋಡಿ ಕಾಕು ಇನ್ನೂ ಅರ್ಧಾನೇ ಮಾತಾಡ್ತಾಳ. ಇರ್ಲಿ ಬಿಡ್ರಿ, ಕಾಕಾ ಪೂರ್ತಿ ಮಾತಾಡ್ತಾರ.