ಆರುವ ತನಕ ಕಾಯುವ ಊಟ

ಬೇಯುವ ತನಕ ಕಾದವರಿಗೆ ಆರುವ ತನಕ ಕಾಯಲಾಗದೇ ಎಂಬ ಮಾತು ನಮ್ಮ ಮನೆಗಳಲ್ಲಿ ಹಸಿದ ಮಕ್ಕಳ ಕಿವಿಗೆ ಬೀಳುತ್ತಲೇ ಇರುತ್ತದೆ. ಈ ಮಾತನ್ನು ಅಕ್ಷರಶಃ ಪಾಲಿಸಬೇಕಾದ ಊಟವೊಂದು ಭೂಗೋಳದ ಆಚೆ ಬದಿಯಲ್ಲಿದೆ. ಅರ್ಜೆಂಟೀನಾ ದೇಶದ ಭಾನುವಾರದ ಊಟ ಅದು. ಕೆಂಡದ ಮೇಲೆ ಸುಟ್ಟ ದನದ ಮಾಂಸದ ದಪ್ಪ ತುಂಡು, ಅಂದರೆ ಸ್ಟೀಕ್. ಅದರ ಮೇಲೆ ಒಂದೆರಡು ಚಮಚ ಚಿಮಿಚುರ್ರಿ ಎಂಬ ಸೊಪ್ಪಿನ ಚಟ್ನಿ. ಪಕ್ಕದಲ್ಲಿ ಬೆಣ್ಣೆ ಹಾಕಿ ಮಸೆದ ಸಿಹಿಗೆಣಸು. ಇಷ್ಟೇ.

ಪಟ್ಟಿ ಚಿಕ್ಕದು. ಮಸಾಲೆ ಅರೆಯುವುದಿಲ್ಲ, ಒಗ್ಗರಣೆಯ ಸದ್ದಿಲ್ಲ. ಮಾಂಸ ಕೆಂಡದ ಮೇಲಿರುವುದು ಹದಿನೈದು ನಿಮಿಷಕ್ಕೂ ಕಡಿಮೆ. ಆದರೂ ಬೇಗ ಕೆಡುವ ಊಟವೆಂದರೆ ಇದೇ. ಸಾರು ಕೆಟ್ಟರೆ ನೀರು ಬೆರೆಸಬಹುದು, ಉಪ್ಪು ಹೆಚ್ಚಾದರೆ ಹುಳಿ ಹಿಂಡಬಹುದು. ಒಮ್ಮೆ ಅತಿಯಾಗಿ ಬೆಂದು ಒಣಗಿದ ಮಾಂಸದ ತುಂಡಿಗೆ ಮಾತ್ರ ಯಾವ ಪರಿಹಾರವೂ ಇಲ್ಲ. ಹೀಗಾಗಿ ಇದು ಮಾಡುವುದಕ್ಕಿಂತ ಕಾಯುವುದೇ ಹೆಚ್ಚಿರುವ ಅಡುಗೆ. ಚಟ್ನಿಗೆ ಒಂದು ರಾತ್ರಿ, ಗೆಣಸಿಗೆ ಒಂದು ಗಂಟೆ, ಬೆಂಕಿಗೆ ಮುಕ್ಕಾಲು ಗಂಟೆ, ಕೊನೆಗೆ ಮಾಂಸಕ್ಕೆ ಐದು ನಿಮಿಷ ಕಾಯಬೇಕು. ನಾಲ್ಕರಲ್ಲಿ ಯಾವುದಕ್ಕೆ ಅವಸರ ಮಾಡಿದರೂ ತಟ್ಟೆಯಲ್ಲಿ ಗೊತ್ತಾಗುತ್ತದೆ.

ಅರ್ಜೆಂಟೀನಾದ ಹೆಸರಿನೊಂದಿಗೇ ಬೆಸೆದುಹೋಗಿರುವ ದನಗಳು ಮೂಲತಃ ಆ ನೆಲದವಲ್ಲ. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರೊಡನೆ ಬಂದವು. ಪಂಪಾಸ್ ಎಂಬ ಆ ವಿಶಾಲ ಹುಲ್ಲುಗಾವಲಿನಲ್ಲಿ ಕಾಡುದನಗಳಾಗಿ ಲೆಕ್ಕವಿಲ್ಲದಷ್ಟು ಬೆಳೆದವು. ಬಹುಕಾಲ ಅವುಗಳಿಗೆ ಬೆಲೆ ಇದ್ದದ್ದು ಚರ್ಮಕ್ಕೆ. ಮಾಂಸವನ್ನು ಉಪ್ಪು ಹಚ್ಚಿ ಒಣಗಿಸಿ ಬ್ರೆಜಿಲ್ ಮತ್ತು ಕ್ಯೂಬಾದ ತೋಟಗಳ ಗುಲಾಮರ ಊಟಕ್ಕೆಂದು ಕಳಿಸುತ್ತಿದ್ದರು. 1876ರಲ್ಲಿ ‘ಲ ಫ್ರಿಗೊರಿಫಿಕ್’ ಎಂಬ ಫ್ರೆಂಚ್ ಹಡಗು ಶೈತ್ಯ ಯಂತ್ರದಲ್ಲಿ ಕಾಪಾಡಿದ ಮಾಂಸವನ್ನು ಹೊತ್ತು ಅಟ್ಲಾಂಟಿಕ್ ದಾಟಿ ಬ್ಯೂನಸ್ ಐರಿಸ್ ತಲುಪಿತು. ಅಲ್ಲಿಂದಾಚೆಗೆ ಹಸಿ ಮಾಂಸವನ್ನೇ ಯೂರೋಪಿಗೆ ಸಾಗಿಸಬಹುದೆಂದು ಗೊತ್ತಾಯಿತು, ದೇಶದ ಹಣೆಬರಹ ಬದಲಾಯಿತು. ಅದೇ ಕಾಲದಲ್ಲಿ ಹೊಟ್ಟೆಪಾಡಿಗಾಗಿ ಇಟಲಿ ಮತ್ತು ಸ್ಪೇನಿನಿಂದ ಬಂದಿಳಿದ ಕೂಲಿಕಾರರಿಗೆ, ತಮ್ಮ ಊರಿನಲ್ಲಿ ಹಬ್ಬಕ್ಕೂ ಸಿಗದಿದ್ದ ಮಾಂಸ ಇಲ್ಲಿ ದಿನನಿತ್ಯದ ಊಟವಾಯಿತು.

ಹಿಂದಿನ ರಾತ್ರಿಯ ಚಟ್ನಿ

ಚಿಮಿಚುರ್ರಿ ಎಂಬ ಹೆಸರು ಬಾಸ್ಕ್ ವಲಸೆಗಾರರ ಭಾಷೆಯದೆಂದು ಕೆಲವರು, ಯಾವನೋ ಇಂಗ್ಲಿಷಿನವನ ಹೆಸರು ನಾಲಿಗೆ ಹೊರಳದೆ ಹೀಗಾಯಿತೆಂದು ಕೆಲವರು ಹೇಳುತ್ತಾರೆ. ಎರಡಕ್ಕೂ ಗಟ್ಟಿ ದಾಖಲೆಯಿಲ್ಲ. ಚಟ್ನಿಯ ಗುಣ ಮಾತ್ರ ಖಚಿತ. ಅದಕ್ಕೆ ಬೇಕಾದದ್ದು ಪಾರ್ಸ್ಲಿ ಸೊಪ್ಪು, ಬೆಳ್ಳುಳ್ಳಿ, ಒಣ ಒರೆಗಾನೊ, ಒಣಮೆಣಸಿನ ತರಿ, ವಿನೆಗರ್, ಎಣ್ಣೆ, ಉಪ್ಪು. ಪಾರ್ಸ್ಲಿ ನಮ್ಮ ಕೊತ್ತಂಬರಿ ಸೊಪ್ಪಿನ ಕುಟುಂಬದ್ದೇ. ಒರೆಗಾನೊ ದೊಡ್ಡಪತ್ರೆಯ ದೂರದ ನೆಂಟ.

ನಾಲ್ಕು ಜನರಿಗೆ ಸಣ್ಣಗೆ ಹೆಚ್ಚಿದ ಪಾರ್ಸ್ಲಿ ಒಂದು ಬಟ್ಟಲು, ಬೆಳ್ಳುಳ್ಳಿ ಐದಾರು ಎಸಳು, ಒರೆಗಾನೊ ಎರಡು ಚಮಚ, ಮೆಣಸಿನ ತರಿ ಒಂದು ಚಮಚ ಸಾಕು. ಕಾಲು ಬಟ್ಟಲು ಬಿಸಿನೀರಿಗೆ ಒಂದು ಚಮಚ ಉಪ್ಪು ಕರಗಿಸಿ, ಉಗುರು ಬೆಚ್ಚಗಾದ ಮೇಲೆ ಒಣ ಪದಾರ್ಥಗಳ ಮೇಲೆ ಸುರಿಯಬೇಕು. ಒಣಗಿದ ಒರೆಗಾನೊ ಮತ್ತು ಮೆಣಸು ಈ ಉಪ್ಪುನೀರು ಕುಡಿದು ಮೆತ್ತಗಾಗಿ ಪರಿಮಳ ಬಿಡುತ್ತವೆ. ಆಮೇಲೆ ಸೊಪ್ಪು, ಬೆಳ್ಳುಳ್ಳಿ, ಕಾಲು ಬಟ್ಟಲು ವಿನೆಗರ್, ಅರ್ಧ ಬಟ್ಟಲು ಎಣ್ಣೆ. ಇದನ್ನು ಮಿಕ್ಸಿಗೆ ಹಾಕುವುದು ಅಲ್ಲಿಯವರ ಕಣ್ಣಿಗೆ ಅಪರಾಧ. ಚೂರಿಯಲ್ಲಿ ಹೆಚ್ಚಿದರೆ ಸೊಪ್ಪು ಸೊಪ್ಪಾಗಿಯೇ ಉಳಿಯುತ್ತದೆ.

ಫ್ರಿಜ್ಜಿನಲ್ಲಿ ಒಂದು ರಾತ್ರಿ ಕಳೆದ ಮೇಲೆ ಹಸಿ ಬೆಳ್ಳುಳ್ಳಿಯ ಘಾಟು ತಗ್ಗಿ, ಹುಳಿಯೂ ಖಾರವೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ವಿನೆಗರಿನ ಹುಳಿಗೆ ಸೊಪ್ಪಿನ ಗಾಢ ಹಸಿರು ಸ್ವಲ್ಪ ಮಾಸುತ್ತದೆ. ಅದು ಕೆಟ್ಟ ಲಕ್ಷಣವಲ್ಲ, ಹುಳಿ ಒಳಗಿಳಿದ ಗುರುತು.

ಗೆಣಸಿಗೆ ಸಣ್ಣ ಉರಿ

ಈ ತಟ್ಟೆಯಲ್ಲಿ ನಿಜಕ್ಕೂ ಅಮೆರಿಕ ಖಂಡದ ಮಣ್ಣಿನದಾದ ವಸ್ತುಗಳು ಎರಡೇ, ಮೆಣಸು ಮತ್ತು ಗೆಣಸು. ಅರ್ಜೆಂಟೀನಾದಲ್ಲಿ ಸಿಹಿಗೆಣಸಿಗೆ ‘ಬಟಾಟ’ ಎನ್ನುತ್ತಾರೆ. ಬ್ಯೂನಸ್ ಐರಿಸ್ ಪ್ರಾಂತ್ಯದ ಸಾನ್ ಪೆದ್ರೊ ಊರಿನ ಬಟಾಟಕ್ಕೆ ಹೆಸರಿದೆ. ಇಂಗ್ಲಿಷಿನ ‘ಪೊಟಾಟೊ’ ಈ ಬಟಾಟದಿಂದಲೇ ಹುಟ್ಟಿದ್ದು. ಹಾಗೆಂದು ಆಲೂಗೆಡ್ಡೆಗೂ ಗೆಣಸಿಗೂ ನೆಂಟಸ್ತಿಕೆಯಿಲ್ಲ. ಆಲೂಗೆಡ್ಡೆ ಬದನೆಯ ಕುಲದ್ದು, ಸಿಹಿಗೆಣಸು ಬೇಲಿಯ ಮೇಲೆ ನೇರಳೆ ಹೂ ಬಿಡುವ ಬಳ್ಳಿಗಳ ಕುಲದ್ದು.

ಪೋರ್ಚುಗೀಸರ ಹಡಗಿನಲ್ಲಿ ಭಾರತಕ್ಕೆ ಬಂದಿಳಿದ ಈ ಗೆಡ್ಡೆ ನಮ್ಮಲ್ಲಿ ಎಷ್ಟು ಬೆರೆತಿದೆಯೆಂದರೆ, ಹಳೆ ಮೈಸೂರಿನ ಕಡೆ ಸಂಕ್ರಾಂತಿಯ ದಿನ ಅವರೆಕಾಯಿ, ಕಡಲೆಕಾಯಿಯ ಜೊತೆ ಬೇಯಿಸಿದ ಗೆಣಸು ಇರಲೇಬೇಕು. ಬೆಳಗಾವಿ ಸೀಮೆಯ ರೈತರಿಗೆ ಅದೊಂದು ಮುಖ್ಯ ಬೆಳೆ. ಮರಗೆಣಸು, ಮುಳ್ಳುಗೆಣಸು ಎಂದು ಬೇರೆ ಗೆಡ್ಡೆಗಳಿಗೂ ಸಲ್ಲುವ ಹಳೆಯ ಹೆಸರಿನೊಳಗೆ ಈ ಹೊಸಬನನ್ನೂ ಕನ್ನಡಿಗರು ಸೇರಿಸಿಕೊಂಡರು.

ಕುಕ್ಕರಿನಲ್ಲಿ ಕೂಗಿಸಿದ ಗೆಣಸಿಗಿಂತ ಒಲೆಯ ಬಿಸಿ ಬೂದಿಯಲ್ಲಿ ಹುಗಿದಿಟ್ಟ ಗೆಣಸು ಹೆಚ್ಚು ಸಿಹಿ ಎಂಬುದು ಹಳ್ಳಿಯಲ್ಲಿ ಬೆಳೆದವರಿಗೆಲ್ಲ ಗೊತ್ತು. ಕಾರಣ ಗೆಣಸಿನೊಳಗೇ ಇದೆ. ಅದರಲ್ಲಿರುವ ಒಂದು ಕಿಣ್ವ ಪಿಷ್ಟವನ್ನು ಒಡೆದು ಮಾಲ್ಟೋಸ್ ಎಂಬ ಸಕ್ಕರೆಯಾಗಿಸುತ್ತದೆ. ಈ ಕೆಲಸ ಚುರುಕಾಗಿ ನಡೆಯುವುದು ಸುಮಾರು 60ರಿಂದ 75 ಡಿಗ್ರಿ ಸೆಲ್ಷಿಯಸ್ ಶಾಖದ ನಡುವೆ. ಅದಕ್ಕಿಂತ ಬಿಸಿಯಾದರೆ ಕಿಣ್ವವೇ ನಾಶವಾಗುತ್ತದೆ. ಕುಕ್ಕರು ಆ ಹಂತವನ್ನು ನಾಲ್ಕಾರು ನಿಮಿಷದಲ್ಲಿ ದಾಟಿಬಿಡುತ್ತದೆ. ಬೂದಿಯೋ ನಿಧಾನವಾಗಿ ಏರುತ್ತದೆ, ಸಕ್ಕರೆಯಾಗಲು ಸಮಯ ಕೊಡುತ್ತದೆ.

ಆದ್ದರಿಂದ ಒಂದು ಕಿಲೋ ಗೆಣಸನ್ನು ಸಿಪ್ಪೆ ಸಹಿತ ತೊಳೆದು, ಸಣ್ಣ ಉರಿಯ ಓವನ್ನಿನಲ್ಲೋ ಕೆಂಡದ ಅಂಚಿನಲ್ಲೋ ಒಂದು ಗಂಟೆ ಬಿಡಬೇಕು. ಚೂರಿಯ ತುದಿ ಸಲೀಸಾಗಿ ಇಳಿದರೆ ಬೆಂದಿದೆ ಎಂದರ್ಥ. ಬಿಸಿಯಿದ್ದಾಗಲೇ ಸಿಪ್ಪೆ ಸುಲಿದು, ನಾರು ತೆಗೆದು, ಮಸೊಪ್ಪಿಗೆ ಮಸೆಯುವಂತೆ ಮಸೆಯಬೇಕು. 50 ಗ್ರಾಂ ಬೆಣ್ಣೆ, ಕಾಲು ಬಟ್ಟಲು ಬಿಸಿ ಹಾಲು, ಉಪ್ಪು, ಚಿಟಿಕೆ ಜಾಯಿಕಾಯಿ ಪುಡಿ ಸೇರಿಸಬೇಕು. ಸಕ್ಕರೆ ಬೇಡ. ಮಾಂಸ ಒಲ್ಲದವರು ಚಿಮಿಚುರ್ರಿಯನ್ನೇ ಇದರ ಮೇಲೆ ಹಾಕಿಕೊಂಡರೂ ಅದೊಂದು ಒಳ್ಳೆಯ ಊಟವೇ.

ಉರಿಯಲ್ಲ, ಕೆಂಡ

ಅರ್ಜೆಂಟೀನಾದಲ್ಲಿ ಮಾಂಸ ಸುಡುವವನನ್ನು ‘ಅಸಾದೋರ್’ ಎನ್ನುತ್ತಾರೆ. ಅವನ ಮೊದಲ ಕೆಲಸ ಕಟ್ಟಿಗೆಯದು. ಕೆಬ್ರಾಚೊ ಎಂಬ ಮರಕ್ಕೆ ಅಲ್ಲಿ ಮಾನ ಹೆಚ್ಚು. ಹೆಸರಿನ ಅರ್ಥವೇ ಕೊಡಲಿ ಮುರಿಯುವ ಮರ. ಅದರ ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಕಟ್ಟಿಗೆಯನ್ನು ಒಂದು ಬದಿಯಲ್ಲಿ ಉರಿಸಿ, ಮೇಲೆ ಬಿಳಿ ಬೂದಿ ಕಟ್ಟಿದ ಕೆಂಡವನ್ನಷ್ಟೇ ಕಬ್ಬಿಣದ ಜಾಲರಿಯ ಕೆಳಗೆ ಎಳೆದು ಹರಡುತ್ತಾನೆ. ಜ್ವಾಲೆ ತಗುಲಿದರೆ ಮಾಂಸಕ್ಕೆ ಮಸಿಯ ಕಹಿ ಅಂಟುತ್ತದೆ. ಜಾಲರಿಯ ಮೇಲೆ ಅರ್ಧ ಗೇಣು ಎತ್ತರದಲ್ಲಿ ಅಂಗೈ ಚಾಚಿ ನಿಧಾನವಾಗಿ ನಾಲ್ಕೈದು ಎಣಿಸುವಷ್ಟು ತಡೆಯಬಹುದಾದರೆ ಬೆಂಕಿ ಹದವಾಗಿದೆ. ಫ್ಲಾಟುಗಳಲ್ಲಿ ಕೆಂಡಕ್ಕೆ ಎಡೆಯಿಲ್ಲದವರು ದಪ್ಪ ಕಬ್ಬಿಣದ ಕಾವಲಿಯನ್ನು ಚೆನ್ನಾಗಿ ಕಾಯಿಸಿಕೊಳ್ಳುತ್ತಾರೆ.

ಲೀಬಿಗ್ ಹೇಳಿದ ಮಾತು

ಮಾಂಸದ ತುಂಡು ಮೂರು ಸೆಂಟಿಮೀಟರಿನಷ್ಟು ದಪ್ಪ ಇರಬೇಕು, ತಲೆಗೆ 300 ಗ್ರಾಂ. ಬೆನ್ನಿನ ಭಾಗದ ‘ಬೀಫೆ ದೆ ಚೊರೀಸೊ’ ಎಂಬ ತುಂಡು ಅಲ್ಲಿಯವರಿಗೆ ಪ್ರಿಯ. ಮುಕ್ಕಾಲು ಗಂಟೆ ಮೊದಲೇ ಕಲ್ಲುಪ್ಪು ಸವರಿಟ್ಟರೆ ಉಪ್ಪು ಮೊದಲು ನೀರೆಳೆದು, ಆಮೇಲೆ ಆ ನೀರಿನೊಂದಿಗೇ ಒಳಗಿಳಿಯುತ್ತದೆ. ಸುಡುವ ಮುನ್ನ ಮೇಲ್ಮೈಯನ್ನು ಬಟ್ಟೆಯಿಂದ ಒರೆಸಬೇಕು. ಒದ್ದೆ ಮಾಂಸ ಬೇಯುತ್ತದೆಯೇ ಹೊರತು ಕೆಂಪಗೆ ಸುಡುವುದಿಲ್ಲ.

ಜೋರು ಬಿಸಿಗೆ ಹಾಕಿದ ಕೂಡಲೇ ಮಾಂಸದ ಹೊರಮೈ ಬಿಗಿದು, ಒಳಗಿನ ರಸಕ್ಕೆ ಬಾಗಿಲು ಹಾಕಿದಂತಾಗುತ್ತದೆ ಎಂಬ ನಂಬಿಕೆ ಇಂದಿಗೂ ಅಡುಗೆಯವರಲ್ಲಿದೆ. ಇದನ್ನು ಹರಡಿದವನು ಜರ್ಮನಿಯ ಪ್ರಸಿದ್ಧ ರಸಾಯನ ವಿಜ್ಞಾನಿ ಯುಸ್ಟುಸ್ ಫಾನ್ ಲೀಬಿಗ್, 1847ರಲ್ಲಿ. ದಕ್ಷಿಣ ಅಮೆರಿಕದ ದನಗಳಿಗೂ ಅವನಿಗೂ ಬೇರೊಂದು ಸಂಬಂಧವಿದೆ. ಅರ್ಜೆಂಟೀನಾದ ಗಡಿಯ ನದಿಯ ಆಚೆ ದಡದಲ್ಲಿ, ಉರುಗ್ವೆಯ ಫ್ರಾಯ್ ಬೆಂಟೋಸ್ ಎಂಬಲ್ಲಿ 1860ರ ದಶಕದಲ್ಲಿ ಅವನ ಹೆಸರಿನ ಕಂಪನಿ ಮಾಂಸವನ್ನು ಕುದಿಸಿ ಬತ್ತಿಸಿದ ಗಟ್ಟಿ ಸಾರವನ್ನು ತಯಾರಿಸತೊಡಗಿತು. ಒಂದು ಕಿಲೋ ಸಾರಕ್ಕೆ ಸುಮಾರು 30 ಕಿಲೋ ಮಾಂಸ ಬೇಕಾಗುತ್ತಿತ್ತು. ಆ ಕಾರ್ಖಾನೆಯ ಆವರಣ 2015ರಲ್ಲಿ ವಿಶ್ವ ಪರಂಪರೆಯ ತಾಣಗಳ ಪಟ್ಟಿ ಸೇರಿದೆ.

ಲೀಬಿಗ್ ದೊಡ್ಡವನು, ಆದ್ದರಿಂದ ಅಡುಗೆಯವರು ಅವನ ಮಾತನ್ನು ಪ್ರಶ್ನಿಸಲಿಲ್ಲ. ಆದರೆ ಮಾತು ತಪ್ಪಾಗಿತ್ತು. 1930ರ ದಶಕದಲ್ಲಿ ಮಾಂಸವನ್ನು ತೂಗಿ ನೋಡಿದ ಪ್ರಯೋಗಗಳಲ್ಲಿ ಯಾವ ಬಾಗಿಲೂ ಕಾಣಲಿಲ್ಲ. 1984ರಲ್ಲಿ ಹೆರಾಲ್ಡ್ ಮೆಗೀ ಎಂಬ ಅಮೆರಿಕದ ಲೇಖಕ ತನ್ನ ಪುಸ್ತಕದಲ್ಲಿ ಇದನ್ನು ಎಲ್ಲರಿಗೂ ತಿಳಿಯುವಂತೆ ಬಿಡಿಸಿ ಹೇಳಿದ. ಪುರಾವೆ ಬೇಕಿದ್ದರೆ ಕಿವಿಯೇ ಸಾಕು. ಕಾವಲಿಯ ಮೇಲಿನ ಮಾಂಸ ಕೊನೆಯವರೆಗೂ ಚುಂಯ್‌ಗುಡುತ್ತಿರುತ್ತದೆ. ಒಳಗಿನ ನೀರು ಹೊರಬಂದು ಆವಿಯಾಗುವ ಸದ್ದು ಅದು. ಬಾಗಿಲು ಮುಚ್ಚಿದ್ದರೆ ಆ ಸದ್ದು ಎಲ್ಲಿಂದ?

ಹಾಗಾದರೆ ಜೋರು ಬಿಸಿ ಬೇಡವೇ? ಬೇಕು, ಆದರೆ ರುಚಿಗಾಗಿ. ಸುಮಾರು 140 ಡಿಗ್ರಿ ದಾಟಿದಾಗ ಮಾಂಸದ ಸಸಾರಜನಕಾಂಶವೂ ಸಕ್ಕರೆಯೂ ಕೂಡಿ ಕಂದು ಬಣ್ಣವನ್ನೂ ನೂರಾರು ಪರಿಮಳಗಳನ್ನೂ ಕೊಡುತ್ತವೆ. 1912ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಲೂಯಿ ಕಮಿಲ್ ಮಯಾರ್ ಹೆಸರಿನಿಂದಲೇ ಈ ಕ್ರಿಯೆಯನ್ನು ಕರೆಯುತ್ತಾರೆ. ದೋಸೆಯ ಹೊಂಬಣ್ಣವೂ ಇದರ ಕೊಡುಗೆಯೇ. ರಸ ಉಳಿಯುವುದು ಮಾತ್ರ ಹೊರಗಿನ ಬಣ್ಣದಿಂದಲ್ಲ, ಒಳಗಿನ ಶಾಖದಿಂದ. ತುಂಡಿನ ನಡುಭಾಗ 55 ಡಿಗ್ರಿ ಇದ್ದರೆ ಒಳಗೆ ಕೆಂಪು, 60ರ ಮೇಲೆ ತೆಳು ಗುಲಾಬಿ, 70 ದಾಟಿದರೆ ಬೂದುಬಣ್ಣ, ನಾರು ಬಿಗಿದು ರಸ ಹೊರಗೆ. ಅಮೆರಿಕದ ಕೃಷಿ ಇಲಾಖೆ ಸುರಕ್ಷತೆಗಾಗಿ 63 ಡಿಗ್ರಿ ಮುಟ್ಟಿಸಿ ಮೂರು ನಿಮಿಷ ಬಿಡಲು ಹೇಳುತ್ತದೆ. ಒಂದೊಂದು ಬದಿಗೆ ಐದಾರು ನಿಮಿಷ, ಆಗಾಗ ತಿರುವಿದರೂ ತಪ್ಪಿಲ್ಲ. ತಟ್ಟೆಗೆ ಇಳಿಯುವ ಕೆಂಪು ನೀರು ರಕ್ತವಲ್ಲ. ಮಯೋಗ್ಲೋಬಿನ್ ಎಂಬ ವರ್ಣವಸ್ತು ಬೆರೆತ ಮಾಂಸದ ನೀರೇ ಅದು.

ಕೊನೆಯ ಐದು ನಿಮಿಷ

ಇಲ್ಲಿ ನಮ್ಮ ಗಾದೆ ಕೆಲಸಕ್ಕೆ ಬರುತ್ತದೆ. ಇಳಿಸಿದ ಮಾಂಸವನ್ನು ಕೂಡಲೇ ಕತ್ತರಿಸಿದರೆ ರಸವೆಲ್ಲ ಹಲಗೆಯ ಪಾಲು. ಐದು ನಿಮಿಷ ಬಿಟ್ಟರೆ ಹೊರಗಿನ ಬಿಸಿ ಒಳಗಿಳಿದು ಬೇಯುವುದು ಪೂರೈಸುತ್ತದೆ, ರಸ ತುಸು ಮಂದವಾಗಿ ಒಳಗೇ ನಿಲ್ಲುತ್ತದೆ. ಒಳಗಿನ ಶಾಖ ಈ ಹೊತ್ತಿನಲ್ಲಿ ಎರಡು ಮೂರು ಡಿಗ್ರಿ ಏರುವುದರಿಂದ ಬೇಕಾದ ಹದಕ್ಕಿಂತ ಅಷ್ಟು ಮೊದಲೇ ಇಳಿಸುವುದು ಜಾಣತನ.

ಇಷ್ಟೊಂದು ಎಚ್ಚರ ಏಕೆ ಎಂದು ಈಗ ಅರ್ಜೆಂಟೀನಾದವರನ್ನು ಕೇಳಬೇಕಾಗಿಲ್ಲ. 1950ರ ದಶಕದಲ್ಲಿ ಅಲ್ಲಿ ಒಬ್ಬೊಬ್ಬರು ವರ್ಷಕ್ಕೆ ಸುಮಾರು 100 ಕಿಲೋ ದನದ ಮಾಂಸ ತಿನ್ನುತ್ತಿದ್ದರು. 2024ರಲ್ಲಿ ಅದು 50 ಕಿಲೋಗೂ ಕೆಳಗಿಳಿಯಿತು. ಅಗ್ಗದ ಕೋಳಿ ಬಹುತೇಕ ಅದರ ಸಮಕ್ಕೆ ಬಂತು. 2023ರ ಒಂದೇ ವರ್ಷದಲ್ಲಿ ಬೆಲೆಗಳು ಶೇಕಡಾ 200ಕ್ಕೂ ಹೆಚ್ಚು ಏರಿದ ದೇಶ ಅದು. ಮಾಂಸದ ಬೆಲೆ ಅಲ್ಲಿ ರಾಜಕೀಯದ ವಿಷಯ. ಊರಿನವರ ತಟ್ಟೆಗೆ ಸಿಗಲೆಂದು 2006ರಲ್ಲಿ ಸರಕಾರ 180 ದಿನಗಳ ಕಾಲ ರಫ್ತನ್ನೇ ತಡೆಯಿತು, 2021ರಲ್ಲಿ ಮತ್ತೆ 30 ದಿನ. ಗುಲಾಮರಿಗೆಂದು ಉಪ್ಪು ಹಚ್ಚಿ ಸಾಗಿಸುತ್ತಿದ್ದ ಮಾಂಸ ಕೂಲಿಕಾರನ ಹಕ್ಕಾಯಿತು, ಈಗ ಅವನೇ ಲೆಕ್ಕ ಹಾಕಿ ಕೊಳ್ಳುವ ವಸ್ತುವಾಯಿತು. ತುಂಡು ತುಟ್ಟಿಯಾದಷ್ಟೂ ತಪ್ಪಿಗೆ ಎಡೆ ಕಡಿಮೆ.

ಎಲ್ಲರೂ ತಟ್ಟೆಯ ಮುಂದೆ ಕುಳಿತ ಮೇಲೆ ಅಲ್ಲಿ ಒಂದು ಪದ್ಧತಿಯಿದೆ. ಯಾರಾದರೊಬ್ಬರು ‘ಅಸಾದೋರ್‌ಗೆ ಒಂದು ಚಪ್ಪಾಳೆ’ ಎನ್ನುತ್ತಾರೆ, ಎಲ್ಲರೂ ಕೈತಟ್ಟುತ್ತಾರೆ. ಬೆಳಗಿನಿಂದ ಹೊಗೆಯಲ್ಲಿ ನಿಂತು, ಅವಸರ ಮಾಡದೆ ಕಾದವನಿಗೆ ಸಲ್ಲುವ ಕೂಲಿ ಅದು. ದಿನವೂ ಒಲೆಯ ಮುಂದೆ ಕಾಯುವವರಿಗೆ ನಮ್ಮ ಮನೆಗಳಲ್ಲಿಯೂ ಆಗೊಮ್ಮೆ ಈಗೊಮ್ಮೆ ಕೈತಟ್ಟಿದರೆ ಊಟದ ರುಚಿಯೇನೂ ಕೆಡುವುದಿಲ್ಲ.