ನೆರೆಮನೆ ಜಗಳ: ಸಂಘವೇ ಬಗೆಹರಿಸಬೇಕೆ?

ಅಪಾರ್ಟ್‌ಮೆಂಟಿನ ಅಕ್ಕಪಕ್ಕದವರ ತಕರಾರನ್ನು ಮಾಲೀಕರ ಸಂಘವೇ ಇತ್ಯರ್ಥ ಮಾಡಬೇಕೆ, ಪೊಲೀಸು-ಕೋರ್ಟಿಗೆ ಬಿಡಬೇಕೆ?

ಪರ
(ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ಸಂಘದ ಮಾಜಿ ಕಾರ್ಯದರ್ಶಿ)

ನಮ್ಮಲ್ಲಿ ಮೇಲಿನ ಮನೆಯ ಬಚ್ಚಲು ನೀರು ಕೆಳಗಿನ ಮನೆಯ ದೇವರ ಕೋಣೆಗೆ ತೊಟ್ಟಿಕ್ಕುತ್ತಿತ್ತು. ಕೆಳಗಿನವರು ವಾಟ್ಸ್‌ಆ್ಯಪ್ ಗುಂಪಿಗೆ ಫೋಟೊ ಹಾಕಿದರು. ಮೇಲಿನವರು ‘ಅದು ಬಿಲ್ಡರ್ ಮಾಡಿದ ಕೆಲಸ, ನಮಗೇನು’ ಎಂದರು. ವಾರ ಕಳೆಯುವಷ್ಟರಲ್ಲಿ ಒಬ್ಬರಿದ್ದ ಲಿಫ್ಟಿಗೆ ಇನ್ನೊಬ್ಬರು ಹತ್ತುತ್ತಿರಲಿಲ್ಲ.

ನಾನು ಮಾಡಿದ್ದಿಷ್ಟೆ. ಎರಡೂ ಮನೆಗೆ ಬೇರೆ ಬೇರೆ ದಿನ ಹೋಗಿ, ಕಾಫಿ ಕುಡಿದು, ಪೂರ್ತಿ ಕೇಳಿಸಿಕೊಂಡೆ. ಗುಂಪಿನಲ್ಲಿ ಈ ಮಾತು ಎತ್ತಬಾರದೆಂದು ಇಬ್ಬರಿಂದಲೂ ಒಪ್ಪಿಗೆ ಪಡೆದೆ. ಆಮೇಲೆ ಪ್ಲಂಬರ್ ಬಂದು ಮೇಲಿನ ಬಚ್ಚಲಿಗೆ ಬಣ್ಣ ಕಲಸಿದ ನೀರು ಸುರಿದ. ಮಾರನೇ ದಿನ ಕೆಳಗಿನ ಸೀಲಿಂಗಿನಲ್ಲಿ ಅದೇ ಬಣ್ಣ! ಬಚ್ಚಲಿನ ನೀರು ಇಳಿದುಹೋಗುವ ನಹಾನಿ ಟ್ರ್ಯಾಪಿನ ಸುತ್ತ ಬಿರುಕು ಬಿಟ್ಟಿತ್ತು. ಬಣ್ಣ ಕಂಡ ಮೇಲೆ ವಾದ ಎಲ್ಲಿಂದ ಬರಬೇಕು? ರಿಪೇರಿ ಖರ್ಚು ಮೇಲಿನವರದು, ಸೀಲಿಂಗಿಗೆ ಬಣ್ಣ ಹೊಡೆಸುವ ಖರ್ಚಿನಲ್ಲಿ ಅರ್ಧ ಸಂಘದ್ದು ಎಂದು ಬರೆದು ಇಬ್ಬರ ಸಹಿ ಹಾಕಿಸಿದೆ. ಎಂಟು ತಿಂಗಳು ಹಿಡಿಯಿತು, ಇಲ್ಲವೆನ್ನುವುದಿಲ್ಲ. ಕೋರ್ಟಿನಲ್ಲಾಗಿದ್ದರೆ ಸ್ಥಳ ನೋಡಿಬರಲು ಕಮಿಷನರನ್ನು ನೇಮಿಸುವ ಅರ್ಜಿಗೇ ಅಷ್ಟು ಬೇಕಾಗುತ್ತಿತ್ತು. ಗೆದ್ದವ ಸೋತ, ಸೋತವ ಸತ್ತ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಸದ್ದಿನ ವಿಷಯಕ್ಕೆ ಬನ್ನಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬಲ್. ಬೆಳಗಿನ ಜಾವ ದೋಸೆಹಿಟ್ಟು ರುಬ್ಬುವ ಗ್ರೈಂಡರಿನ ಮುಂದೆ ಮೀಟರ್ ಹಿಡಿಯಲು ಯಾವ ಪೇದೆ ಬರುತ್ತಾನೆ? ನಾವು ಗ್ರೈಂಡರಿನಡಿ ರಬ್ಬರ್ ಮ್ಯಾಟ್ ಹಾಕಿಸಿದೆವು, ಮುಗಿಯಿತು. 2023ರ ಮಧ್ಯಸ್ಥಿಕೆ ಕಾಯ್ದೆ ಕೂಡ ಬಡಾವಣೆಯವರ ಜಗಳಕ್ಕೆ ಸಮುದಾಯ ಮಧ್ಯಸ್ಥಿಕೆ ಎಂದೇ ಒಂದು ಅಧ್ಯಾಯ ಇಟ್ಟಿದೆ.

ಕಮಿಟಿಯವರು ಪಕ್ಷಪಾತ ಮಾಡುತ್ತಾರೆ ಎನ್ನುವವರಿದ್ದಾರೆ. ಎಲ್ಲಿ ಇಲ್ಲ ಹೇಳಿ ಪಕ್ಷಪಾತ? ನಮ್ಮ ಅಧ್ಯಕ್ಷರ ಎರಡನೇ ಕಾರು ಎರಡು ವರ್ಷ ಬೇರೆಯವರ ಪಾರ್ಕಿಂಗಿನಲ್ಲೇ ನಿಂತಿತ್ತು, ನಾವ್ಯಾರೂ ಬಾಯಿ ಬಿಡಲಿಲ್ಲ. ಅದೊಂದು ಬಿಡಿ.

ವಿರೋಧ
(ವಕೀಲರು, ಅಪಾರ್ಟ್‌ಮೆಂಟೊಂದರ ಬಾಡಿಗೆದಾರರು)

ವಿರೋಧಿಸಿ ಬರೆಯಲು ಯಾರೂ ಸಿಗಲಿಲ್ಲವೆಂದು ನಿನ್ನೆ ಸಂಜೆ ನನಗೆ ಕರೆ ಬಂತು. ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ.

ಮೊದಲಿಗೆ ಅಧಿಕಾರದ ಪ್ರಶ್ನೆ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972ರ ಪ್ರಕಾರ ಬೈಲಾ ಮುರಿದವರ ಮೇಲೆ ಸಂಘದ ಪರವಾಗಿ ನಷ್ಟ ಪರಿಹಾರಕ್ಕೋ ತಡೆಯಾಜ್ಞೆಗೋ ಕೋರ್ಟಿಗೆ ಹೋಗಬಹುದು. ಸಂಘವೇ ಕೋರ್ಟಾಗಿ ಕೂರಬಹುದೆಂದು ಅದರಲ್ಲಿಲ್ಲ. ಇನ್ನು ಬಾಡಿಗೆದಾರರು. ಸಂಘ ಮಾಲೀಕರದು, ನಮಗೆ ಮತವಿಲ್ಲ. ಮಾಲೀಕರೊಡನೆ ನಮಗೆ ಜಗಳವಾದರೆ ತೀರ್ಪು ಹೇಳುವವರೂ ಮಾಲೀಕರೇ. ನಾಯಿ ಸಾಕುವವರ ಪಾಡು ಕೇಳುವುದೇ ಬೇಡ. ಬಹುಮತದ ನಿರ್ಣಯದಿಂದಲೂ ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಇದ್ದರೂ ನೋಟಿಸ್ ಬೋರ್ಡಿನಲ್ಲಿ ಬೇರೆಯೇ ಕಾನೂನು ಅಂಟಿಸಿರುತ್ತಾರೆ. 2023ರ ಕಾಯ್ದೆಯ ಹೆಸರು ಹೇಳುವವರು ಆ ಅಧ್ಯಾಯವನ್ನು ಕೊನೆಯವರೆಗೂ ಓದಲಿ. ಮೊದಲು ಎರಡೂ ಕಡೆಯವರ ಒಪ್ಪಿಗೆ ಬೇಕು. ಅಲ್ಲಿ ಆದ ಒಪ್ಪಂದವನ್ನು ಸಿವಿಲ್ ಕೋರ್ಟಿನ ಡಿಕ್ರಿಯಂತೆ ಜಾರಿ ಮಾಡಿಸಲೂ ಬರುವುದಿಲ್ಲ.

ಕೈ ಮಾಡಿದವರ, ಹೆಂಗಸರನ್ನು ಹಿಂಬಾಲಿಸಿದವರ, ಜಾತಿ ಹಿಡಿದು ಬೈದವರ ವಿಷಯ ಬೇರೆ. ಅಲ್ಲಿ 112ಕ್ಕೇ ಕರೆ ಮಾಡಬೇಕು. ‘ನಮ್ಮ ಕಾಂಪೌಂಡಿನ ಹೆಸರು ಕೆಡುತ್ತದೆ’ ಎಂದು ಕಮಿಟಿ ಅದನ್ನು ಮುಚ್ಚಿಹಾಕುವಂತಿಲ್ಲ.

ಸೋರಿಕೆಯ ಮಟ್ಟಿಗೆ, ಮೊದಲು ಪ್ಲಂಬರನ್ನು ಕರೆಸಿ ಎಂದೇ ಕಕ್ಷಿದಾರರಿಗೆ ನಾನೂ ಹೇಳುವುದು. ಮೇಲಿನ ಮನೆಯ ಎಸಿ ನೀರು ನಮ್ಮ ಬಾಲ್ಕನಿಗೆ ಬೀಳತೊಡಗಿದಾಗ ನಾನೇನೂ ಲೀಗಲ್ ನೋಟಿಸ್ ಕಳಿಸಲಿಲ್ಲ, ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿದೆ. ನೋಡುತ್ತೇನೆ ಅಂದಿದ್ದಾರೆ. ಬಕೆಟ್ ಇನ್ನೂ ಅಲ್ಲೇ ಇದೆ.